ನಾಲ್ಕರ ವೇಗದಲ್ಲಿ ಅತ್ತೆಯ ಹಾಡು

ಕಾಯುವುದು ನನಗೆ ಬರುವುದಿಲ್ಲ. ಒಲೆಯ ಮೇಲೆ ಹಾಲಿಟ್ಟರೆ ಅಲ್ಲಿಂದಿಲ್ಲಿಗೆ ನಾಲ್ಕು ಸಲ ಓಡಾಡುತ್ತೇನೆ; ನಾನು ಬೆನ್ನು ತಿರುಗಿಸಿದಾಗಲೇ ಅದು ಉಕ್ಕುತ್ತದೆ. ಇಂಥವಳು ಸಿಡಿ ಬರೆಸುವ ವಿಷಯದಲ್ಲಿ ಮಾತ್ರ ನಿಧಾನದ ಪರಮ ಭಕ್ತೆಯಾಗಿದ್ದೆ.

ಹಾಡಿನ ಐವತ್ತೆರಡು ಪಟ್ಟು, ಎಂದರೆ ಐವತ್ತೆರಡರ ವೇಗದಲ್ಲಿ ಸಿಡಿ ಬರೆದರೆ ಹಾಡು ಒರಟಾಗುತ್ತದೆ, ನಾಲ್ಕರಲ್ಲಿ ಬರೆದರೆ ಮೆತ್ತಗಿರುತ್ತದೆ ಎಂದು ಧಾರವಾಡದ ಹಾಸ್ಟೆಲಿನಲ್ಲಿ ನಾವೆಲ್ಲ ನಂಬಿದ್ದೆವು. ಭೌತಶಾಸ್ತ್ರ ಓದುತ್ತಿದ್ದ ನಾನಾದರೂ ಅನುಮಾನಿಸಬಹುದಿತ್ತು. ಬೆಳಕಿನ ಸೂಜಿಯೊಂದು ತಟ್ಟೆಯನ್ನು ಸುಟ್ಟು ಗುರುತು ಮಾಡುತ್ತದೆ. ಗುರುತು ಓದಲು ಬಂದರೆ ಹಾಡು ಇದ್ದ ಹಾಗೇ ಬರುತ್ತದೆ. ಬಾರದಿದ್ದರೆ ಟಕ್ಕೆನ್ನುತ್ತದೆ, ಇಲ್ಲವೇ ನೆಗೆಯುತ್ತದೆ. ಒರಟು, ಮೆತ್ತಗೆ ಎಂಬುದೆಲ್ಲ ನಮ್ಮ ಕಿವಿಯ ಭಕ್ತಿ. ಅತಿ ವೇಗದಲ್ಲಿ ಗುರುತು ಕೆಡಬಹುದು, ನಿಜ. ಆದರೆ ವೇಗಕ್ಕೆಂದೇ ಮಾಡಿದ ತಟ್ಟೆಗೆ ಅತಿ ನಿಧಾನವೂ ಒಗ್ಗದು. ತೆಳುವಾದ ದೋಸೆ ಎರೆಯುವವರಿಗೆ ಇದು ಗೊತ್ತು: ಕೈ ತಡೆದರೆ ಕಾವಲಿಯ ಮೇಲೇ ಹಿಟ್ಟು ಮುದ್ದೆ.

ಯಲ್ಲಾಪುರದ ಹತ್ತಿರದ ನಂದೊಳ್ಳಿಯ ನನ್ನ ಸೋದರತ್ತೆ ಸುತ್ತಲಿನ ಮದುವೆಗಳಿಗೆಲ್ಲ ಹಾಡಿದವಳು. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ. ಮಗಳು ಸುಮಕ್ಕ ಹಸೆಯ ಮೇಲೆ ಕೂರುವಾಗ ತನ್ನ ದನಿ ಅಲ್ಲಿರಬೇಕೆಂಬುದು ಅವಳ ಆಸೆ. ಅದಿದ್ದದ್ದು ಸವೆದ ಒಂದು ಕ್ಯಾಸೆಟ್ಟಿನಲ್ಲಿ. ಅದನ್ನು ಸಿಡಿಗೆ ಬರೆಸಿ ತರುವ ಕೆಲಸ ನನ್ನ ಪಾಲಿಗೆ ಬಂತು.

"ಗಡಬಡೆಲಿ ಬರಸಡ ಕೂಸೆ," ಎಂದು ಅವಸರ ಬೇಡವೆನ್ನುವಂತೆ ಪಿಸುಗುಟ್ಟಿದಳು. "ಹಾಡೂ ಗಡಬಡೆಲಿ ಓಡ್ತು."

ವೇಗವಾಗಿ ಬರೆದರೆ ಹಾಡೇ ವೇಗವಾಗುತ್ತದೆಯೇ! ನಗು ನುಂಗಿಕೊಂಡು ಕ್ಯಾಸೆಟ್ಟನ್ನು ಶಿರಸಿಯ ಸಿಡಿ ಅಂಗಡಿಗೆ ಕೊಟ್ಟು ಬಂದೆ.

ಮರುದಿನ ಹೋದಾಗ ಅಂಗಡಿಯ ಸಲೀಂ ಅದನ್ನು ಆಗಲೇ ಕಂಪ್ಯೂಟರಿಗೆ ಇಳಿಸಿಟ್ಟಿದ್ದ. "ನಡುನಡುವೆ ಬರೀ ಖಾಲಿ ಇತ್ತು ಮೇಡಂ. ಎಲ್ಲ ತೆಗೆದು ನೀಟ್ ಮಾಡಿದೀನಿ," ಎಂದ. ಆಯಿತೆಂದು ತಲೆಯಾಡಿಸಿ, ನಾಲ್ಕರ ವೇಗದಲ್ಲೇ ಬರೆಯಬೇಕೆಂದೆ; ನನ್ನ ಮನಸ್ಸೆಲ್ಲ ಅದರ ಮೇಲಿತ್ತು. ಪರದೆಯ ಮೇಲೆ ಹಸಿರು ಗೆರೆ ಬಸವನಹುಳುವಿನಂತೆ ತೆವಳಿತು. ಯಲ್ಲಾಪುರದ ಬಸ್ಸು ಹಾರ್ನ್ ಹೊಡೆಯಿತು. ನಾನು ಎದ್ದೆ, ಕೂತೆ, ಮತ್ತೆ ಎದ್ದೆ.

"ಸಿಡಿ ಬರೆಸ್ತಿದೀರೋ, ಮೊಟ್ಟೆಗೆ ಕಾವು ಕೊಡ್ತಿದೀರೋ?" ಎಂದು ಅವನು ನಕ್ಕ. ಬಸ್ಸು ಹೋಯಿತು. ಮುಂದಿನದನ್ನು ಹಿಡಿದೆ.

ಮದುವೆಯ ದಿನ ಸುಮಕ್ಕ ಹಸೆಗೆ ಬಂದಳು, ನಾನು ಗುಂಡಿ ಒತ್ತಿದೆ. ಅತ್ತೆಯ ದನಿ ಎದ್ದಿತು, ಒಂದು ಟಕ್ಕೂ ಇಲ್ಲ. ಹೆಂಗಸರು ಮೊದಲ ಸಾಲನ್ನು ತಿರುಗಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಎರಡನೆಯದು ಬಂತು, ಹಿಂದೆಯೇ ಮೂರನೆಯದು. ಎಲ್ಲರೂ ಏದುಸಿರು ಬಿಡುತ್ತ ಹಾಡಿನ ಹಿಂದೆ ಓಡಿದರು. ಸಲೀಂ ತೆಗೆದುಹಾಕಿದ ಖಾಲಿ, ಉಳಿದವರು ತಿರುಗಿ ಹೇಳಲೆಂದು ಅತ್ತೆ ಬಿಟ್ಟಿದ್ದ ಜಾಗವಾಗಿತ್ತು.

"ಆನು ಹೇಳಿದ್ನಿಲ್ಯನೆ? ಗಡಬಡೆಲಿ ಬರಸ್ಕ್ಯಂಡು ಬೈಂದೆ!" ನಾನು ಅವಸರದಲ್ಲಿ ಬರೆಸಿ ತಂದೆನೆಂದು ದೂರುವ ಅತ್ತೆಯ ಪಿಸುಮಾತಿನಲ್ಲಿ ಗೆದ್ದ ಖುಷಿಯೂ ಇತ್ತು. ನಾಲ್ಕರ ವೇಗದ ಬಗ್ಗೆ ಅಲ್ಲಿ ಯಾರಿಗೆ ಹೇಳಲಿ?

ಅತ್ತೆ ಪ್ಲೇಯರಿನ ಪಕ್ಕ ಕೂತು ಹಾಡನ್ನು ಮೊದಲಿನಿಂದ ಹಾಕಿಸಿದಳು. ಒಂದು ಸಾಲು ಮುಗಿಯಿತು. ಗುಂಡಿ ಒತ್ತಿ ನಿಲ್ಲಿಸಿದಳು. ಹೆಂಗಸರು ತಿರುಗಿ ಹೇಳಿದರು. ಮತ್ತೆ ಒತ್ತಿ ಮುಂದಿನ ಸಾಲು ಬಿಟ್ಟಳು. ಅದು ಮುಗಿದೊಡನೆ ಮತ್ತೆ ನಿಲ್ಲಿಸಿದಳು. ಸುಮಕ್ಕ ತಲೆಯೆತ್ತಿ ಅಮ್ಮನ ಕಡೆ ನೋಡಿದಳು.

ಸಭೆಯಲ್ಲಿ ಎಂದೂ ಬಾಯಿ ಬಿಡದ ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಅತ್ತೆ ಗುಂಡಿ ಒತ್ತಿ ಹಾಡು ನಿಲ್ಲಿಸಿ ನನ್ನತ್ತ ತಿರುಗಿದಳು.

"ಎಂತಕ್ಕೆ ಸುಮ್ನಿದ್ದೆ? ಜಾಗ ನಿಂಗೂ ಇದ್ದು."

ಎಲ್ಲರೂ ಮುಗಿಸಿದ ಮೇಲೆ ನಾನು ಶುರುಮಾಡಿದೆ. ನನ್ನ ಸಾಲು ಮುಗಿಯುವವರೆಗೂ ಅವಳ ಬೆರಳು ಗುಂಡಿಯ ಮೇಲಿಂದ ಅಲುಗಲಿಲ್ಲ. ಕಾಯುವುದು ಬರುವವರು ಹಾಗೆ ಕಾಯುತ್ತಾರೆ.