ಗ್ಲಾಸಿನ ಮೇಲೆ ಇಡುವ ರಟ್ಟು

ನನ್ನ ಮೈದುನನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನಾನು ಕುಡಿತ ಬಿಟ್ಟು ಉಳಿದದ್ದು ವಿಠ್ಠಲನ ಕೃಪೆಯಿಂದ ಎಂದು ನಮ್ಮ ನಾಗನೂರಿನ ಜನ ಈಗಲೂ ನಂಬಿದ್ದಾರೆ. ವಿಠ್ಠಲ ದೊಡ್ಡವನು, ಅವನ ಹೆಸರು ನಾನು ಕೆಡಿಸುವುದಿಲ್ಲ. ಆದರೆ ಒಂಬತ್ತು ವರ್ಷ ನನ್ನನ್ನು ಸರಾಯಿ ಅಂಗಡಿಯಿಂದ ದೂರ ಇಟ್ಟದ್ದು ಹೆಂಡತಿಯ ಆ ತಮ್ಮನ ಮೇಲಿನ ಸಿಟ್ಟು.

ನಮ್ಮ ಕಡೆ ಕುಡಿತ ಬಿಡಿಸಲು ಮಾಳ ಹಾಕಿಸುತ್ತಾರೆ. ಪಂಢರಪುರದಿಂದ ತಂದ ತುಳಸಿ ಮಣಿಯ ಸರ ಅದು. ಭಜನೆ ನಡೆಸುವ ಮಹಾರಾಜರ ಕೈಯಿಂದ ಅದನ್ನು ಕೊರಳಿಗೆ ಹಾಕಿಸಿಕೊಂಡವನು ಹೆಂಡ, ಮಾಂಸ ಮುಟ್ಟುವಂತಿಲ್ಲ. ಮುಟ್ಟಲೇಬೇಕು ಅನ್ನಿಸಿದರೆ ಮೊದಲು ಮಾಳ ತೆಗೆದು ಗೂಟಕ್ಕೆ ಹಾಕಬೇಕು. ಹಾಗೆ ಗೂಟಕ್ಕೆ ಬಿದ್ದ ಮಾಳಗಳು ನಮ್ಮ ಊರಲ್ಲಿ ಓಣಿಗೆ ನಾಲ್ಕು ಸಿಗುತ್ತವೆ. ನಾನೂ ಒಮ್ಮೆ ಗುಟ್ಟಾಗಿ ಹಾಕಿಸಿಕೊಂಡಿದ್ದೆ. ತಿಂಗಳು ತುಂಬುವುದರೊಳಗೆ ಅದು ಗೂಟ ಸೇರಿತು. ಯಾರಿಗೂ ಗೊತ್ತಿಲ್ಲದೆ ಹಾಕಿಕೊಂಡದ್ದನ್ನು ಯಾರಿಗೂ ಗೊತ್ತಿಲ್ಲದೆ ತೆಗೆಯುವುದು ಬಲು ಸುಲಭ.

ಎರಡನೆಯ ಮಾಳದ ಕಥೆ ಬೇರೆ. ಸರಾಯಿ ಪಾಕೀಟಿನಲ್ಲಿ ಸಿಗುತ್ತಿದ್ದ ಕಾಲ. ಊರಿನ ವಿಠ್ಠಲ ಮಂದಿರದಲ್ಲಿ ಏಳು ದಿನದ ಭಜನೆ ಸಪ್ತಾಹ ನಡೆದಿತ್ತು. ಕಡೆಯ ದಿನ ಊಟದ ಹೊತ್ತಿಗೆ ನಾನು ಎರಡು ಪಾಕೀಟು ಇಳಿಸಿಕೊಂಡು ಮಂದಿರದ ಬಾಗಿಲಲ್ಲಿ ನಿಂತಿದ್ದೆ. ಮೈದುನ ತನ್ನ ಊರು ಕಣಗಲಾದಿಂದ ಬಂದಿದ್ದ. ಕೈಯಲ್ಲಿ ಒಂದು ಮಾಳ ಹಿಡಿದು ಮಹಾರಾಜರ ಎದುರು ಹೋಗಿ ನಿಂತ. "ಯಾರಿಗಪಾ?" ಎಂದು ಮಹಾರಾಜರು ಕೇಳಿದರು. ಅವರ ಮುಂದಿನ ಮೈಕು ಹಾಗೆಯೇ ಚಾಲೂ ಇತ್ತು. ಅವನು ಒಂದು ಗಳಿಗೆ ಸುಮ್ಮನೆ ನಿಂತ. ಆ ಸುಮ್ಮನಿರುವಿಕೆಯನ್ನು ನಾನು ಎಷ್ಟು ವರ್ಷ ಶಪಿಸಿದ್ದೇನೋ! ನನ್ನ ಮಾನ ಕಳೆಯುವ ಮೊದಲು ಚಪ್ಪರಿಸುತ್ತಿದ್ದಾನೆ ಎಂದುಕೊಂಡಿದ್ದೆ. ಆಮೇಲೆ ತಿರುಗಿ ನನ್ನ ಕಡೆ ಬೆರಳು ಮಾಡಿದ.

"ನಮ್ಮ ಮಾಮಾರಿಗ್ರಿ. ಹಗಲೆಲ್ಲಾ ಕುಡೀತಾರ. ನಮ್ಮ ಅಕ್ಕನ ಮ್ಯಾಲೆ ಕೈ ಮಾಡ್ಯಾರ. ಇವರಿಗೆ ಹಾಕ್ರಿ."

ಮಂದಿರದ ಶಿಖರಕ್ಕೆ ಕಟ್ಟಿದ ಸ್ಪೀಕರಿನ ಕರ್ಣೆ ಅದನ್ನು ಕಬ್ಬಿನ ಹೊಲದಲ್ಲಿ ನೀರು ಹಾಯಿಸುತ್ತಿದ್ದವರಿಗೂ ಮುಟ್ಟಿಸಿತು. ಸುಳ್ಳಾಗಿದ್ದರೆ ಅಲ್ಲಿಯೇ ಅವನ ಕಪಾಳಕ್ಕೆ ಬಿಡುತ್ತಿದ್ದೆ. ಖರೆ ಇತ್ತು. ಎರಡು ಸಲ ಕೈ ಎತ್ತಿದ್ದೆ. ನಾಲ್ಕು ಮಂದಿ ನನ್ನನ್ನು ಹಿಡಿದು ತಂದರು, ಮಾಳ ಕೊರಳಿಗೆ ಬಿತ್ತು. ಮನೆಯಲ್ಲಿ ಅಪ್ಪ, "ಕೊರಳಾಗ ಲಿಂಗ ಇದ್ದಂವಗ ತುಳಸಿ ಯಾತಕ್ಕೋ?" ಎಂದ. ಲಿಂಗ ಕಟ್ಟಿಕೊಂಡೇ ನಾನು ಅಷ್ಟೆಲ್ಲ ಕುಡಿದಿದ್ದೆ ಎನ್ನುವುದು ಅವನಿಗೆ ನೆನಪಿರಲಿಲ್ಲ.

ಅಂದಿನಿಂದ ನನಗೆ ಒಂದೇ ಹಟ. ಈ ಮಾಳ ಗೂಟಕ್ಕೆ ಹೋದರೆ ಅವನ ಮಾತು ಗೆದ್ದಂತೆ. ಗಂಟಲು ಒಣಗಿದಾಗ ದೇವರ ಮುಖ ನೆನೆಯಲಿಲ್ಲ, ಅವನ ಬೆರಳು ನೆನೆದೆ. ಸಾಲದ್ದಕ್ಕೆ ಹೆಂಡತಿ ಅವನನ್ನು ಮೂಡಲಗಿಯ ನಮ್ಮ ಗೊಬ್ಬರ, ಔಷಧಿ ಅಂಗಡಿಯಲ್ಲಿ ಪಾಲುದಾರನನ್ನಾಗಿ ತಂದು ಕೂಡಿಸಿದಳು. ನಾನು ಹೊರಗೆ ಹೋಗಿ ಬಂದರೆ ಸಾಕು, ಅವನ ಮೂಗು ಅರಳುತ್ತಿತ್ತು. ಅವನೋ, ಸಂಜೆಯಾದರೆ ಬಾಯಲ್ಲಿ ಏಲಕ್ಕಿ ಹಾಕಿಕೊಂಡು ಅಂಗಡಿ ಬಾಗಿಲು ಎಳೆಯುತ್ತಿದ್ದ. ದಿನಾ ಏಲಕ್ಕಿ! ನನಗೆ ಸಂಶಯ ಇದ್ದೇ ಇತ್ತು. ಆದರೆ ಒಮ್ಮೆಯೂ ಕೈಗೆ ಸಿಕ್ಕಿರಲಿಲ್ಲ.

ಮೊಬೈಲು ಆಗಷ್ಟೇ ನಮ್ಮಂಥ ಅಂಗಡಿಯವರ ಕಿಸೆಗೆ ಬಂದಿದ್ದ ದಿನಗಳಲ್ಲಿ, ಬೆಳೆಗೆ ಹೊಡೆಯುವ ಔಷಧಿಯ ಕಂಪನಿಯೊಂದು ಚೆನ್ನಾಗಿ ಮಾರಿದ ವ್ಯಾಪಾರಿಗಳನ್ನು ಯುರೋಪಿಗೆ ಕರೆದೊಯ್ದಿತು. ನಮ್ಮ ಅಂಗಡಿಗೆ ಎರಡು ಟಿಕೀಟು. ಹೆಂಡತಿ ತಮ್ಮನಿಗೆ ನನ್ನೆದುರೇ ಹೇಳಿದಳು, "ಮಾಮಾರ್ನ ನೋಡಕೋರಿ ಅಣ್ಣಾರ." ತಮ್ಮನಿಗೆ ಅಣ್ಣಾ ಅನ್ನುವುದು ಅವಳ ಮುದ್ದು. ನನ್ನನ್ನು ದನದ ಹಾಗೆ ಒಪ್ಪಿಸಿದಳು.

ಮೂರನೆಯ ದಿನ ಪ್ರಾಗ್ ಎಂಬ ಊರಿನಲ್ಲಿದ್ದೆವು. ಮಧ್ಯಾಹ್ನದ ಮೇಲೆ ಕಂಪನಿಯ ಮ್ಯಾನೇಜರು ಬಂದು, ನಾಲ್ಕು ಹಳೆಯ ಪಬ್ಬುಗಳಿಗೆ ಕರೆದೊಯ್ಯುವ ಒಂದು ತಿರುಗಾಟ ಇದೆ, ಜೊತೆಗೆ ಗೈಡು ಇರುತ್ತಾಳೆ, ಯಾರು ಯಾರು ಬರುತ್ತೀರಿ ಎಂದ. ನಾನು ಹೋಟೆಲಿನ ಕೋಣೆಯಲ್ಲಿ ಮಲಗುವುದೆಂದೇ ಇದ್ದೆ. ಅಷ್ಟರಲ್ಲಿ ಮೈದುನ ಬಾಯಿ ಹಾಕಿದ.

"ನಮ್ಮ ಮಾಮಾರು ಇಂಥಾದಕ್ಕೆಲ್ಲಾ ಬರೂದಿಲ್ರಿ. ಮಾಳ ಹಾಕ್ಯಾರ. ಅವರು ರೂಮಿನ್ಯಾಗ ಇರ್ತಾರ."

ಗುಜರಾತಿನವರು, ಆಂಧ್ರದವರು ಎಲ್ಲ ತಿರುಗಿ ನನ್ನ ಕೊರಳು ನೋಡಿದರು. ನನ್ನ ಮೈ ಉರಿಯಿತು. "ನನ್ನ ಮಾತು ನೀ ಯಾಕ ಆಡತಿ? ನಾನೂ ಬರ್ತೇನಿ," ಎಂದೆ.

ಕುಡಿಯುವುದಕ್ಕೂ ದಾರಿ ತೋರಿಸುವವರು ಬೇಕೆಂದು ನಾನು ಅಲ್ಲಿಯೇ ಕಂಡದ್ದು. ನಮ್ಮೂರಲ್ಲಿ ಕುಡಿಯುವವನು ಅಮಾವಾಸ್ಯೆಯ ಕತ್ತಲಲ್ಲೂ ಅಂಗಡಿ ಹುಡುಕಿಕೊಂಡು ಹೋಗುತ್ತಾನೆ. ಅವನಿಗೆ ಆಳು ಬೇಕಾಗುವುದು ಮರಳಿ ಮನೆಗೆ ಬರುವಾಗ. ಇಲ್ಲಿ ಹಳದಿ ಛತ್ರಿ ಎತ್ತಿ ಹಿಡಿದ ಒಬ್ಬ ಹೆಂಗಸು ಮುಂದೆ, ಹಿಂದೆ ನಾವು ಹನ್ನೆರಡು ಮಂದಿ, ಸಾಲಿಯ ಮಕ್ಕಳ ಪ್ರಭಾತಫೇರಿಯ ಹಾಗೆ. ಛತ್ರಿಯೂ ಬೇಕಿರಲಿಲ್ಲ, ಬಿಸಿಲು ಫಳಫಳ ಹೊಳೆಯುತ್ತಿತ್ತು. ಅವಳ ನಗು, ಅವಳ ಛತ್ರಿ, ಕಲ್ಲು ಹಾಸಿದ ಆ ಚಂದದ ಓಣಿಗಳು, ಒಂದನ್ನೂ ನಾನು ಮೆಚ್ಚಲಿಲ್ಲ.

ಮೊದಲನೆಯ ಪಬ್ಬು ನೆಲಮನೆಯ ಹಾಗಿತ್ತು. ಇಳಿಯುತ್ತಲೇ ವಾಸನೆ ಬಡಿಯಿತು. ಗೈಡು ಮೇಜಿನ ಮೇಲಿದ್ದ ದುಂಡನೆಯ ರಟ್ಟಿನ ಬಿಲ್ಲೆಯೊಂದನ್ನು ಎತ್ತಿ ತೋರಿಸಿ ಏನೋ ಹೇಳಿದಳು, ಮ್ಯಾನೇಜರು ಅದನ್ನು ಹಿಂದಿಗೆ ತಿರುಗಿಸಿದ. ಇಲ್ಲಿ ಗ್ಲಾಸು ಖಾಲಿಯಾದರೆ ಯಾರೂ ನಿಮ್ಮನ್ನು ಕೇಳುವುದಿಲ್ಲ, ತಾವೇ ಇನ್ನೊಂದು ಬಿಯರ್ ತಂದಿಡುತ್ತಾರೆ. ಸಾಕು ಅನ್ನಿಸಿದವರು ಗ್ಲಾಸಿನ ಬಾಯಿಗೆ ಈ ರಟ್ಟು ಮುಚ್ಚಬೇಕು. ಮುಚ್ಚುವ ತನಕ ಬರುತ್ತಲೇ ಇರುತ್ತದೆ.

ನಾನು ನಿಂಬೆ ಶರಬತ್ತು ತರಿಸಿಕೊಂಡೆ, ಕುಡಿದು ರಟ್ಟು ಮುಚ್ಚಿದೆ. ಮೈದುನ ನನ್ನ ಕಡೆ ನೋಡದೆ, "ಒಂದ ತೊಗೊಂಡ ನೋಡತೇನ್ರಿ ಮಾಮಾ. ಹೆಂಗಿರತೈತಿ ಅಂತ," ಎಂದ.

ನೋಡಿದ. ಹೊಸಬ ಕುಡಿದರೆ ಮುಖ ಹಿಂಡುತ್ತಾನೆ, ಪಕ್ಕದವರನ್ನು ನೋಡಿ ನಗುತ್ತಾನೆ. ಇವನು ಗ್ಲಾಸು ಎತ್ತಿದವನು ಅರ್ಧಕ್ಕೆ ಇಳಿಸಿದ. ಇಳಿಸಿ ಒಂದು ಉಸಿರು ಬಿಟ್ಟ. ಆ ಉಸಿರು ನನಗೆ ಗೊತ್ತು, ನಾನೇ ಸಾವಿರ ಸಲ ಬಿಟ್ಟಿದ್ದೇನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು, ಇಷ್ಟು ವರ್ಷ, ನನ್ನ ಬಾಜೂಕ್ಕೇ ಕೂತು. ನನಗಾದ ಸಂತೋಷ ಹೇಳತೀರದು. ಎರಡನೆಯ ಪಬ್ಬಿನಲ್ಲಿ ಅವನು ಎರಡು ಗ್ಲಾಸು ಮುಗಿಸಿದ. ನಾನು ಶರಬತ್ತು ಹೀರುತ್ತ, ಬರುವ ಸಪ್ತಾಹದಲ್ಲಿ ಮೈಕಿನ ಮುಂದೆ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ.

ಮೂರನೆಯ ಪಬ್ಬಿನಲ್ಲಿ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಅಲ್ಲಿ ಒಂದು ಗ್ಲಾಸು ಖಾಲಿಯಾದ ಮೇಲೆ ಅವನು ರಟ್ಟು ಕೈಗೆ ತೆಗೆದುಕೊಂಡ. ಮುಚ್ಚಲು ಹೋದ, ಬಿಟ್ಟ, ಬೆರಳಲ್ಲಿ ತಿರುಗಿಸಿದ. ಹಣೆಯಲ್ಲಿ ಬೆವರು. ಕಡೆಗೆ ಹಾವಿನ ಬುಟ್ಟಿ ಮುಚ್ಚುವವನಂತೆ ಗ್ಲಾಸಿನ ಮೇಲೆ ಒತ್ತಿ ಇಟ್ಟು, ಎದ್ದು ಪಾಯಿಖಾನೆಯ ಕಡೆ ಹೋದ. ಗೆದ್ದನಲ್ಲ ಇವನು ಎಂದು ನನಗೆ ಸಂಕಟವಾಯಿತು. ಆ ಕಡೆ ಈ ಕಡೆ ನೋಡಿದೆ. ಕೈ ಚಾಚಿ ರಟ್ಟು ಎತ್ತಿ ಪಕ್ಕಕ್ಕಿಟ್ಟೆ.

ಮಾಣಿ ಬಂದ, ಖಾಲಿ ಗ್ಲಾಸು ತೆಗೆದ, ತುಂಬಿದ ಗ್ಲಾಸು ಇಟ್ಟು ಹೋದ. ಮೈದುನ ಮರಳಿ ಬಂದು ಅದನ್ನು ನೋಡಿದ. ರಟ್ಟನ್ನು ನೋಡಿದ. ತಾನು ಮುಚ್ಚಿದ್ದು ಖರೆಯೋ ಅಥವಾ ಮುಚ್ಚಿದೆ ಅಂದುಕೊಂಡದ್ದೋ ಎಂದು ಅವನಿಗೇ ತಿಳಿಯದೆ ಹೋದದ್ದು ಅವನ ಮುಖದ ಮೇಲೆ ಕಾಣುತ್ತಿತ್ತು. ನಾನು ಗೋಡೆಯ ಮೇಲಿನ ಜಿಂಕೆಯ ಕೊಂಬು ಎಣಿಸುತ್ತಿದ್ದೆ. ಅವನು ಕೂತ, ಕುಡಿದ. ಆಮೇಲೆ ರಟ್ಟಿನ ಗೊಡವೆಗೇ ಹೋಗಲಿಲ್ಲ.

ನಾಲ್ಕನೆಯದು ಬಯಲಲ್ಲಿ, ದೊಡ್ಡ ಮರಗಳ ಕೆಳಗೆ. ಆ ದೇಶದಲ್ಲಿ ಬೇಸಿಗೆಯ ಸೂರ್ಯ ಮುಳುಗುವ ಮಾತೇ ಇಲ್ಲ, ಊಟದ ಹೊತ್ತು ಮೀರಿದರೂ ಮೇಜುಗಳ ಮೇಲೆ ಬಿಸಿಲು. ಉಳಿದವರು ಗೈಡಿನ ಸುತ್ತ ಕೂತು ಹಾಡು ಹೇಳುತ್ತಿದ್ದರು. ನಾವಿಬ್ಬರೇ ಒಂದು ತುದಿಗೆ. ಅವನು ಬಹಳ ಹೊತ್ತು ನನ್ನ ಕೊರಳನ್ನೇ ನೋಡುತ್ತಿದ್ದ.

"ಮಾಮಾ, ನಿಮ್ಮ ಕೊರಳಾಗಿಂದು ನನ್ನ ಮಾಳ್ರಿ."

"ಏನಂದಿ?"

"ನನ್ನ ಸಲುವಾಗಿ ತಂದಿದ್ದೆ. ನಾನ ಪಂಢರಪುರಕ್ಕ ಹೋಗಿ ತಂದಿದ್ದೆ. ಆವತ್ತ ಸಪ್ತಾಹಕ್ಕ ಬಂದದ್ದು ನಾ ಹಾಕ್ಕೊಳ್ಳಾಕ್ರಿ. ಮಹಾರಾಜ್ರು ಮೈಕಿನ್ಯಾಗ ಯಾರಿಗೆ ಅಂತ ಕೇಳಿದ್ರು. ಅಷ್ಟ ಮಂದಿ ನನ್ನ ನೋಡಾಕತ್ತಿತ್ತು. ನನಗ ಅಂತ ಅನ್ನಾಕ ಬಾಯಿ ಬರಲಿಲ್ರಿ. ತಿರುಗಿ ನೋಡಿದ್ರ ಬಾಗಲದಾಗ ನೀವು ನಿಂತಿದ್ರಿ."

ಮೇಜಿನ ಮೇಲೆ ಹಣೆ ಇಟ್ಟು ಅತ್ತ. ಅಳುತ್ತಲೇ, "ಊರಿಗೆ ಹ್ವಾದ ಮ್ಯಾಲೆ ನನಗೂ ಒಂದ ಹಾಕಸ್ರಿ ಮಾಮಾ. ಸುಮ್ಮನ, ಯಾರಿಗೂ ಗೊತ್ತಾಗಧಂಗ," ಎಂದ.

ಒಂಬತ್ತು ವರ್ಷ ನಾನು ಹಲ್ಲು ಕಚ್ಚಿ ಹಿಡಿದಿದ್ದ ಸಿಟ್ಟು ಆ ಮಾತಿಗೆ ಇಳಿದುಹೋಯಿತು. ನನಗಿಂತ ಹೆಚ್ಚು ಹೆದರಿದ ಒಬ್ಬ ಕುಡುಕ ಎದುರು ಕೂತಿದ್ದ, ಅಷ್ಟೇ. ಅವನ ತಲೆಯ ಮೇಲೆ ಕೈ ಇಡಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ಇನ್ನೊಂದು ನಡೆಯಿತು. ಮಾಣಿ ಗೊತ್ತಿಲ್ಲದೆ ನನ್ನ ಮುಂದೆಯೂ ಒಂದು ಬಿಯರ್ ಇಟ್ಟು ಹೋಗಿದ್ದ. ಸಂಜೆಯಿಡೀ ಅಸಹ್ಯ ಹುಟ್ಟಿಸಿದ್ದ ಆ ವಾಸನೆ ಈಗ ಹಿತವಾಗಿ ಬಂತು. ಬೆವೆತ ಆ ಗ್ಲಾಸು ನನ್ನ ಅಂಗೈಯಲ್ಲಿತ್ತು. ಎತ್ತಿದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ.

ಗಕ್ಕನೆ ತಡೆದೆ, ಒಂದಿಷ್ಟು ಚೆಲ್ಲಿತು. ಕೆಳಗಿಟ್ಟೆ. ತುಂಬಿದ ಗ್ಲಾಸಿನ ಮೇಲೆ ರಟ್ಟು ಮುಚ್ಚಿ, ಅದರ ಮೇಲೆ ಕೈಯನ್ನೂ ಇಟ್ಟುಕೊಂಡು ಕೂತೆ. ಸಿಟ್ಟು ಹೋದರೆ ನನ್ನ ಗತಿ ಏನು ಎಂದು ಅಂದು ತಿಳಿಯಿತು. ರಟ್ಟು ಎತ್ತಿದ್ದು ನಾನು ಎಂದು ಅವನಿಗೆ ಹೇಳಲಿಲ್ಲ. ರೆಟ್ಟೆ ಹಿಡಿದು ಎಬ್ಬಿಸಿ ಹೋಟೆಲಿಗೆ ನಡೆಸಿಕೊಂಡು ಬಂದೆ.

ಆ ವರ್ಷದ ಸಪ್ತಾಹಕ್ಕೆ ಮೊದಲು ನಾನೇ ಪಂಢರಪುರಕ್ಕೆ ಹೋಗಿ ಮಾಳ ತಂದೆ. ಅವನು ಕೇಳಿದ್ದು ಸುಮ್ಮನೆ ಹಾಕಿಸಿ ಎಂದು. ಸುಮ್ಮನೆ ಹಾಕಿದ ಮಾಳ ಎಲ್ಲಿಗೆ ಹೋಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಡೆಯ ದಿನ, ಮಂದಿರ ಗಿಜಿಗುಡುವಾಗ, ಅವನ ಕೈ ಹಿಡಿದು ಎಳೆದುಕೊಂಡು ಮೈಕಿನ ಮುಂದೆ ನಿಂತೆ.

"ಇಂವ ನನ್ನ ಮೈದುನ. ಏಲಕ್ಕಿ ತಿಂದ ಕಳ್ಳತನದಿಂದ ಕುಡೀತಾನ. ಪರದೇಶದಾಗ ಕುಡಿದ ಅತ್ತಾನ. ಇವನಿಗೆ ಮಾಳ ಹಾಕ್ರಿ."

ಕರ್ಣೆ ಕೂಗಿತು. ಹೇಳುವಾಗ ನನಗೆ ಖುಷಿಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಅವನು ಕೊರಳು ಬಗ್ಗಿಸಿದ. ತಲೆ ಎತ್ತಿದಾಗ ಅವನ ಕಣ್ಣಲ್ಲಿ ಇದ್ದದ್ದನ್ನು ಕಂಡು ನನಗೆ ಗುರುತು ಹತ್ತಿತು. ಅದು ನನ್ನದೇ ಹಳೆಯ ನೋಟ. ಮರುವಾರ ಅವನು ಅಂಗಡಿ ಬಿಟ್ಟ, ಹುಕ್ಕೇರಿಯಲ್ಲಿ ಬೇರೆ ಅಂಗಡಿ ಹಾಕಿದ. ಹೆಂಡತಿ ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಅವನು ಮಾತ್ರ ಆ ದಿನದಿಂದ ಒಂದು ಹನಿ ಮುಟ್ಟಲಿಲ್ಲ. ಎದುರು ಬಂದರೆ ರಸ್ತೆಯ ಆ ಬದಿಗೆ ಹೋಗಿ ಉಗುಳುತ್ತಿದ್ದ. ಉಗುಳಲಿ ಎಂದು ನಾನು ಹಗುರಾಗುತ್ತಿದ್ದೆ.

ನಾಲ್ಕು ವರ್ಷದ ಮೇಲೆ ಕಣಗಲಾದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಅವನು ತಾನಾಗಿ ಬಂದು ನನ್ನ ಬಾಜೂಕ್ಕೆ ಕೂತ. ಮುಖ ತಿಳಿಯಾಗಿತ್ತು.

"ಮಾಮಾ, ಹಳೇದೆಲ್ಲಾ ಬಿಟ್ಟಬಿಡೂಣ್ರಿ. ನೀವು ಮಾಡಿದ್ದು ಚಲೋನ ಆತು. ಈಗ ನನಗ ನಿಮ್ಮ ಮ್ಯಾಲೆ ಸಿಟ್ಟಿಲ್ಲ."

ಸಿಟ್ಟು ಹೋದವನ ಗತಿ ನನಗೆ ಗೊತ್ತಿತ್ತು. ಮರದ ಕೆಳಗಿನ ಆ ಗ್ಲಾಸು, ನನಗೇ ಗೊತ್ತಿಲ್ಲದೆ ಅದನ್ನು ಎತ್ತಿದ ನನ್ನ ಕೈ ನೆನಪಾದವು. ಸಿಟ್ಟಿಲ್ಲ ಅನ್ನುತ್ತಾನಲ್ಲ ಈ ಹುಚ್ಚ!

"ಮೂರನೇ ಪಬ್ಬಿನ್ಯಾಗ ನೀ ರಟ್ಟ ಮುಚ್ಚಿದ್ದಿ. ಖರೇನ ಮುಚ್ಚಿದ್ದಿ," ಎಂದೆ. "ತೆಗದಾಂವ ನಾನು."

ಅವನು ನನ್ನನ್ನು ನೋಡಿದ. ತಿಳಿಯಾಗಿದ್ದ ಮುಖ ನಿಧಾನವಾಗಿ ಕಲ್ಲಾಯಿತು. ಹೋಳಿಗೆ ಹರಿದದ್ದನ್ನು ಹಾಗೆಯೇ ಬಿಟ್ಟು ಎದ್ದ. ಎದುರಿನ ಪಂಕ್ತಿಯಲ್ಲಿದ್ದ ಹೆಂಡತಿ ನನ್ನ ಕಡೆ ಕಣ್ಣು ಕೆಂಪಗೆ ಮಾಡಿದಳು. ಅವನ ಒಳಿತಿಗೆ ಹೇಳಿದೆನೋ, ನನ್ನ ಭಾರ ಇಳಿಸಿಕೊಳ್ಳಲು ಹೇಳಿದೆನೋ, ಆಣೆ ಮಾಡಿ ಹೇಳಲಾರೆ. ನಾನು ನೋಡುತ್ತಿದ್ದದ್ದು ಅವನ ಕೈಯನ್ನು. ಅದು ಕೊರಳ ಮಾಳಕ್ಕೆ ಹೋಯಿತು. ಕಿತ್ತು ನನ್ನ ಮುಖಕ್ಕೆ ಎಸೆಯುತ್ತಾನೆ ಅಂದುಕೊಂಡೆ. ಎಸೆಯಲಿಲ್ಲ. ಬಿಗಿಯಾಗಿ ಹಿಡಿದುಕೊಂಡೇ ಚಪ್ಪರ ದಾಟಿ ಹೋದ.