ಪೀಡೆಗಳನ್ನು ಜೋಪಾನ ಮಾಡುವ ಅಕ್ಕ

ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ಬೀದಿ ದೀಪಗಳು ಇನ್ನೂ ಆರಿಲ್ಲ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ, ಎಂಟು ಅಡಿ ಉದ್ದ ಆರು ಅಡಿ ಅಗಲದ ಅಂಗಡಿಯೊಂದರಲ್ಲಿ ಮಾತ್ರ ಟ್ಯೂಬ್‌ಲೈಟ್ ಉರಿಯುತ್ತಿದೆ. ನಲವತ್ತೇಳು ವರ್ಷದ ಹೆಂಗಸೊಬ್ಬರು ಮೇಜನ್ನು ಒಣಬಟ್ಟೆಯಿಂದ ಒರೆಸಿ, ಸ್ಕ್ರೂಡ್ರೈವರ್‌ಗಳನ್ನು ಉದ್ದದ ಪ್ರಕಾರ ಸಾಲಾಗಿ ಜೋಡಿಸಿ, ಗೆರೆ ಎಳೆದ ಪುಸ್ತಕದಲ್ಲಿ ಅಂದಿನ ತಾರೀಖು ಬರೆಯುತ್ತಿದ್ದಾರೆ. ಬೀದಿಗೆಲ್ಲ ಅವರು ‘ರಿಪೇರಿ ಅಕ್ಕ’. ವಯಸ್ಸಿನಲ್ಲಿ ಹಿರಿಯರಾದವರೂ ಹಾಗೆಯೇ ಕರೆಯುತ್ತಾರೆ.

ತಾರೀಖಿನ ಶಾಯಿ ಆರುವ ಮೊದಲೇ ಬಾಗಿಲಲ್ಲಿ ಇಬ್ಬರು. ಮುಂದೆ, ಹೊದಿಕೆಯಲ್ಲಿ ಸುತ್ತಿದ ಕಂಪ್ಯೂಟರ್ ಪೆಟ್ಟಿಗೆಯನ್ನು ಎದೆಗವಚಿಕೊಂಡ ಯುವಕ. ಹಿಂದೆ, ಒಂದು ಕೈ ಅವನ ಭುಜದ ಮೇಲಿಟ್ಟು, ಇನ್ನೊಂದು ಕಂಕುಳಲ್ಲಿ ಕೀಬೋರ್ಡ್ ಹಿಡಿದ ಅವನ ತಂಗಿ. ಆಕೆಗೆ ಹುಟ್ಟಿನಿಂದ ದೃಷ್ಟಿಯಿಲ್ಲ.

“ಅಕ್ಕ, ನಿನ್ನೆಯಿಂದ ಶಬ್ದ ಹೋಗಿದೆ” ಎಂದು ಅಣ್ಣ ಏದುಸಿರು ಬಿಡುತ್ತಾನೆ.

“ಹೋಗಿಲ್ಲ ಅಕ್ಕ, ಇವನು ಓಡಿಸಿದ್ದಾನೆ” ಎನ್ನುತ್ತಾಳೆ ತಂಗಿ. “ನನ್ನ ಕಂಪ್ಯೂಟರ್ ಮೌನವ್ರತ ಹಿಡಿದು ಕೂತಿದೆ. ಹತ್ತೂವರೆಗೆ ನನಗೆ ಪರೀಕ್ಷೆ.”

ಈಕೆಯ ಕಂಪ್ಯೂಟರ್‌ನಲ್ಲಿ ಪರದೆಯ ಮೇಲಿನ ಪ್ರತಿ ಅಕ್ಷರವನ್ನೂ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿದೆ. ಶಬ್ದವಿಲ್ಲದಿದ್ದರೆ ಆಕೆಯ ಪಾಲಿಗೆ ಅದು ಬರಿಯ ತಗಡಿನ ಪೆಟ್ಟಿಗೆ. ವೈದ್ಯರು ಧ್ವನಿಮುದ್ರಿಸಿದ ವರದಿಗಳನ್ನು ಕೇಳಿ ಟೈಪ್ ಮಾಡುವ ಕೆಲಸವೊಂದಕ್ಕೆ ಆಕೆ ಎಂಟು ತಿಂಗಳಿಂದ ಅಭ್ಯಾಸ ಮಾಡಿದ್ದಾಳೆ. ಆಸ್ಪತ್ರೆಯೊಂದು ನಡೆಸುವ ಪರೀಕ್ಷೆಯನ್ನು ಮನೆಯಿಂದಲೇ ಬರೆಯಬಹುದು. ಆದರೆ ಮೊದಲೇ ನೋಂದಾಯಿಸಿದ ಯಂತ್ರದಲ್ಲಿಯೇ ಬರೆಯಬೇಕು. ಬೇರೆಯವರ ಕಂಪ್ಯೂಟರ್ ನಡೆಯದು. ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಿದರೆ ನೋಂದಣಿಯೂ ಅಳಿಸಿಹೋಗುತ್ತದೆ. ಇಂದು ತಪ್ಪಿದರೆ ಮತ್ತೆ ಮುಂದಿನ ವರ್ಷ.

ಅಕ್ಕ ಗೋಡೆ ಗಡಿಯಾರ ನೋಡುತ್ತಾರೆ. ನಾಲ್ಕು ಗಂಟೆ ಇಪ್ಪತ್ತು ನಿಮಿಷ ಉಳಿದಿದೆ. “ಕೂತ್ಕೊಳಮ್ಮ” ಎಂದು ತಂಗಿಯ ಕೈಯನ್ನು ಕುರ್ಚಿಯ ಬೆನ್ನಿಗೆ ಮುಟ್ಟಿಸಿ, ಅಣ್ಣನ ಕಡೆ ತಿರುಗುತ್ತಾರೆ. “ಏನಪ್ಪ, ಏನು ಕಿತ್ತು ಹಾಕ್ದೆ? ಸುಳ್ಳು ಹೇಳ್ಬೇಡ. ಡಾಕ್ಟರ್ ಹತ್ರ, ನನ್ನ ಹತ್ರ ಸುಳ್ಳು ಹೇಳ್ಬಾರ್ದು.”

ಅವನು ಕಿತ್ತದ್ದು ಒಂದು ಉಚಿತ ವಿಡಿಯೊ ಪ್ಲೇಯರ್. ಯಾರೂ ಕರೆಯದೆ ಇನ್ನಾವುದೋ ತಂತ್ರಾಂಶದ ಬೆನ್ನು ಹತ್ತಿ ಬಂದದ್ದು. ಕಂಪ್ಯೂಟರ್ ಹಚ್ಚಿದೊಡನೆ ತಾನೇ ಎದ್ದು ಕುಳಿತು ಮೂರು ಸ್ವರದ ರಾಗ ನುಡಿಸುವುದು, ತಂಗಿ ಟೈಪ್ ಮಾಡುವಾಗ ನಡುವೆ ಬಾಯಿ ಹಾಕಿ ಜಾಹೀರಾತು ಕೂಗುವುದು ಅದರ ಚಾಳಿ. ಪರೀಕ್ಷೆಯ ದಿನ ಅಡ್ಡ ಬರಬಾರದೆಂದು ಅಣ್ಣ ತೆಗೆಯಲು ಹೋದ. ‘ನಮ್ಮನ್ನು ಬಿಟ್ಟಿರಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ?’ ಎಂಬ ಪ್ರಶ್ನೆ ಮೂಡಿತು. ಒಪ್ಪಿಗೆಯ ಗುಂಡಿ ಯಾವುದು, ನಿರಾಕರಣೆಯ ಗುಂಡಿ ಯಾವುದು ತಿಳಿಯಲಿಲ್ಲ. ಸಿಟ್ಟು ನೆತ್ತಿಗೇರಿ ಇಡೀ ಫೋಲ್ಡರನ್ನೇ ಕಸದಬುಟ್ಟಿಗೆ ಎಳೆದು ಹಾಕಿದ. ಸಾಲದೆಂದು, ಕಂಪ್ಯೂಟರ್ ಶುಚಿಗೊಳಿಸುವ ಇನ್ನೊಂದು ತಂತ್ರಾಂಶವನ್ನೂ ಓಡಿಸಿದ.

“ನೀನು ಸ್ವಚ್ಛ ಮಾಡಿದ್ದು ಹೆಚ್ಚಾಯ್ತು” ಎನ್ನುತ್ತಾರೆ ಅಕ್ಕ, ಪೆಟ್ಟಿಗೆಗೆ ವೈರುಗಳನ್ನು ಸಿಕ್ಕಿಸುತ್ತ.

ಮುಂದಿನ ಮೂವತ್ತೈದು ನಿಮಿಷ ಅವರ ಕೆಲಸದಲ್ಲಿ ಒಂದೇ ಒಂದು ಅವಸರದ ಚಲನೆಯಿಲ್ಲ. ಮೊದಲು ಬೇರೆ ಸ್ಪೀಕರ್ ಹಾಕಿ ನೋಡುತ್ತಾರೆ, ಸದ್ದಿಲ್ಲ. ಇಯರ್‌ಫೋನ್, ಸದ್ದಿಲ್ಲ. ಅವನ್ನೇ ತಮ್ಮ ಯಂತ್ರಕ್ಕೆ ಹಾಕಿದರೆ ಎರಡೂ ಕೂಗುತ್ತವೆ. ಧ್ವನಿ ಹೊರಡಿಸುವ ಡ್ರೈವರ್ ತಂತ್ರಾಂಶವನ್ನು ತೆಗೆದು ಮತ್ತೆ ಹಾಕುತ್ತಾರೆ, ಮತ್ತೆ ಮೌನ. ಪ್ರತಿ ಹೆಜ್ಜೆಯನ್ನೂ ಮಾಡುವ ಮೊದಲು ಪುಸ್ತಕದಲ್ಲಿ ಬರೆಯುತ್ತಾರೆ, ಮಾಡಿದ ಮೇಲೆ ಎದುರಿಗೆ ಫಲಿತಾಂಶ ಬರೆಯುತ್ತಾರೆ. ಏಳು ಗಂಟೆಗೆ ಐದು ನಿಮಿಷ ಇರುವಾಗ ಪೆನ್ನು ಕೆಳಗಿಡುತ್ತಾರೆ.

“ಸಿಕ್ತು. ಆ ಪ್ಲೇಯರು ಶಬ್ದ ಜೋರು ಮಾಡ್ತೀನಿ ಅಂತ ದಾರಿ ಮಧ್ಯೆ ಒಂದು ಮನೆ ಕಟ್ಕೊಂಡಿತ್ತು. ಕಂಪ್ಯೂಟರ್‌ನ ಎಲ್ಲಾ ಶಬ್ದವೂ ಆ ಮನೆ ಹೊಕ್ಕು ಈಚೆ ಬರ್ಬೇಕು. ನೀನು ಮನೆ ಕೆಡವಿದ್ದೀಯ, ವಿಳಾಸ ಹಾಗೇ ಇದೆ. ಪಾಪ, ಶಬ್ದ ಅಲ್ಲಿಗೆ ಹೋಗುತ್ತೆ, ಮನೆ ಇಲ್ಲ, ಅಲ್ಲೇ ನಿಂತುಬಿಡುತ್ತೆ.”

“ವಿಳಾಸ ಅಳಿಸಿಬಿಡಿ ಅಕ್ಕ!”

“ಹದಿನೇಳು ಕಡೆ ಬರ್ಕೊಂಡಿರುತ್ತೆ. ಕೈಯಲ್ಲಿ ಕೀಳೋಕೆ ಹೋದ್ರೆ ಹದಿನಾರು ಸಿಗುತ್ತೆ. ಉಳಿದಿದ್ದೊಂದು ಪರೀಕ್ಷೆ ಮಧ್ಯೆ ಕೈ ಕೊಡುತ್ತೆ. ನೀನು ಅಳಿಸಿದ್ದೀಯಪ್ಪ. ಇದನ್ನ ಅಳಿಸ್ಬಾರ್ದು, ಬಿಡಿಸ್ಬೇಕು. ದಾರದ ಗಂಟು ಬಿಡಿಸ್ತೀವಲ್ಲ, ಹಾಗೆ.” ಮೇಜಿನ ಖಾನೆಯತ್ತ ಕೈ ಚಾಚಿ ಹೇಳುತ್ತಾರೆ: “ಅದನ್ನ ಮತ್ತೆ ಹಾಕ್ತೀನಿ.”

ಅಣ್ಣ ಕುರ್ಚಿಯಿಂದ ಎದ್ದೇಬಿಡುತ್ತಾನೆ. “ಅದನ್ನಾ? ಅದೇ ಪೀಡೆನಾ?”

“ಅದೇ. ಓಡಿಸಿದವನನ್ನ ಮನೆಗೆ ಕರೆದು, ಕೂರಿಸಿ, ಅವನ ಸಾಮಾನೆಲ್ಲ ಅವನ ಕೈಲೇ ಕಟ್ಟಿಸಿ, ಮರ್ಯಾದೆಯಾಗಿ ಕಳಿಸ್ಬೇಕು. ತಾನು ಏನೇನು ಎಲ್ಲೆಲ್ಲಿ ಇಟ್ಟಿದೀನಿ ಅಂತ ಅವನಿಗೆ ಮಾತ್ರ ಗೊತ್ತು.”

ಈಗ ಮೇಜಿನ ಖಾನೆಯಿಂದ ಹೊರಬರುವ ವಸ್ತುವೇ ಈ ಅಂಗಡಿಯ ನಿಜವಾದ ಬಂಡವಾಳ: ಹಿಂದೊಮ್ಮೆ ಸೂಜಿ, ದಾರ, ಗುಂಡಿಗಳಿದ್ದ ದುಂಡನೆಯ ತಗಡಿನ ಡಬ್ಬಿ. ಒಳಗೆ ಹತ್ತಿಯ ಮೇಲೆ ನಾಲ್ಕು ಪೆನ್‌ಡ್ರೈವ್‌ಗಳು. ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ ‘ಪೀಡೆಗಳು. ಮುಟ್ಟಬಾರದು’ ಎಂದಿದೆ. ಜನ ಬೇಡವೆಂದು ಕಿತ್ತೆಸೆಯುವ ಅರವತ್ತಮೂರು ತಂತ್ರಾಂಶಗಳನ್ನು, ಅವುಗಳ ಇನ್ನೂರ ಹನ್ನೊಂದು ಆವೃತ್ತಿಗಳನ್ನು ಅಕ್ಕ ಒಂಬತ್ತು ವರ್ಷಗಳಿಂದ ಇದರಲ್ಲಿ ಕೂಡಿಟ್ಟಿದ್ದಾರೆ. ವಿಡಿಯೊ ಪ್ಲೇಯರ್‌ಗಳು, ಹಾಡು ಇಳಿಸಿಕೊಳ್ಳುವವು, ಸಿ.ಡಿ. ಬರೆಯುವವು, ಧ್ವನಿ ಹೆಚ್ಚಿಸುವವು: ಎಲ್ಲಕ್ಕೂ ಅಕಾರಾದಿ ಪಟ್ಟಿಯಿದೆ.

“ಲೋಕದಲ್ಲಿ ಜನ ಒಡವೆ ಬಚ್ಚಿಡ್ತಾರೆ, ನನ್ನ ಸೊಸೆ ಪೀಡೆ ಬಚ್ಚಿಡ್ತಾಳೆ” ಎಂಬ ಧ್ವನಿ ಒಳಗಿನ ಮೂಲೆಯಿಂದ ಬರುತ್ತದೆ. ಅಲ್ಲಿ ಸ್ಟೂಲಿನ ಮೇಲೆ ಕುಳಿತಿರುವವರು ಅಕ್ಕನ ಅತ್ತೆ. ಡಬ್ಬಿ ಮೂಲತಃ ಅವರದು. “ನನ್ನ ಸೂಜಿದಾರ ಆಚೆ ಹಾಕಿ ಇದನ್ನ ತುಂಬಿದ್ಲು. ಈಗ ಒಂದು ಗುಂಡಿ ಹೊಲಿಬೇಕಂದ್ರೆ ಮನೆಯೆಲ್ಲ ಹುಡುಕ್ಬೇಕು.”

“ನಿಮ್ಮ ಸೂಜಿ ಕನ್ನಡಕದ ಪೆಟ್ಟಿಗೇಲಿದೆ ಅತ್ತೆ.”

“ಕನ್ನಡಕ ಎಲ್ಲಿದೆ?”

“ನಿಮ್ಮ ತಲೆ ಮೇಲೆ.”

ಆದರೆ ಇಲ್ಲೊಂದು ತೊಡಕು. ಆ ಪ್ಲೇಯರ್‌ನ ಐದು ಆವೃತ್ತಿಗಳು ಡಬ್ಬಿಯಲ್ಲಿವೆ. ಪ್ರತಿಯೊಂದೂ ತನ್ನ ಸಾಮಾನನ್ನು ಬೇರೆ ಬೇರೆ ಕಡೆ ಇಡುತ್ತದೆ. ಬೇರೆ ಆವೃತ್ತಿ ಹಾಕಿದರೆ ಅದು ತನ್ನದನ್ನಷ್ಟೇ ಕಟ್ಟಿಕೊಂಡು ಹೊರಡುತ್ತದೆ, ಹಳೆಯ ವಿಳಾಸ ಅಲ್ಲಿಯೇ ಉಳಿಯುತ್ತದೆ. ಯಾವ ಆವೃತ್ತಿ ಇತ್ತೆಂಬ ದಾಖಲೆಯನ್ನು ಅಣ್ಣನ ಶುಚಿ ತಂತ್ರಾಂಶ ಗುಡಿಸಿ ಹಾಕಿದೆ. ಅಣ್ಣನಿಗೆ ನೆನಪಿರುವುದು ಇಷ್ಟೇ: “ಕಿತ್ತಳೆ ಬಣ್ಣ ಇತ್ತು.” ಐದೂ ಕಿತ್ತಳೆ ಬಣ್ಣದವೇ. ಗಂಟೆ ಏಳು ಹತ್ತು.

“ರಾಗ ಕೇಳಿದ್ರೆ ನಾನು ಹೇಳಬಲ್ಲೆ” ಎನ್ನುತ್ತಾಳೆ ತಂಗಿ.

ಅಕ್ಕ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಈ ತಂತ್ರಾಂಶವನ್ನು ಹಾಕಲು ಹೊರಟಾಗ ಮೊದಲ ಪುಟದಲ್ಲಿಯೂ ಅದೇ ಮೂರು ಸ್ವರ ಮೊಳಗುತ್ತದೆ ಎಂಬುದು ಅಕ್ಕನಿಗೆ ಗೊತ್ತು. ಅವರು ತಮ್ಮ ಯಂತ್ರಕ್ಕೆ ಪೆನ್‌ಡ್ರೈವ್ ಸಿಕ್ಕಿಸಿ ಮೊದಲನೆಯದನ್ನು ತೆರೆಯುತ್ತಾರೆ. ಟಿಣ್, ಟಿಣ್, ಟುಣ್. “ಅಲ್ಲ.” ಎರಡನೆಯದು. “ಅಲ್ಲ, ಇದು ನಿಧಾನ.” ಮೂರನೆಯದು. “ಅಲ್ಲ.” ನಾಲ್ಕನೆಯದಕ್ಕೆ ಆಕೆಯ ಕತ್ತು ಓರೆಯಾಗುತ್ತದೆ. “ಇನ್ನೊಂದ್ಸಲ ಹಾಕಿ ಅಕ್ಕ.” ಮತ್ತೆ ಹಾಕುತ್ತಾರೆ. “ಐದನೇದು?” ಅದನ್ನೂ ಹಾಕುತ್ತಾರೆ. ಉಳಿದವರಿಗೆ ಎರಡರ ನಡುವೆ ಕೂದಲೆಳೆಯ ವ್ಯತ್ಯಾಸವೂ ಕೇಳಿಸುವುದಿಲ್ಲ.

“ನಾಲ್ಕನೇದು. ಐದನೇದು ಕೊನೇಲಿ ಸಣ್ಣಗೆ ಕೀರ್ ಅನ್ನುತ್ತೆ. ನಮ್ಮದು ಹಾಗನ್ನಲ್ಲ.”

“ಖಂಡಿತಾನಾ?” ಅಣ್ಣನಿಗೆ ಅನುಮಾನ.

“ಗೋಡೆ ಆಚೆಯಿಂದ ನಿನ್ನ ಗೊರಕೆ ಕೇಳಿ ನೀನು ಎಡಮಗ್ಗುಲೋ ಬಲಮಗ್ಗುಲೋ ಹೇಳ್ತೀನಿ. ಇದೇನು ಮಹಾ!”

ಅತ್ತೆ ಬಿದ್ದು ಬಿದ್ದು ನಗುತ್ತಾರೆ. ತಂಗಿಯ ಯಂತ್ರದ ಇಂಟರ್‌ನೆಟ್ ವೈರನ್ನು ಅಕ್ಕ ಕಿತ್ತು ಪಕ್ಕಕ್ಕಿಟ್ಟು, ಪೆನ್‌ಡ್ರೈವನ್ನು ಅದಕ್ಕೆ ಸಿಕ್ಕಿಸುತ್ತಾರೆ. “ಒಬ್ಬನನ್ನ ಕರೆದ್ರೆ ನೆಂಟರಿಷ್ಟರನ್ನೆಲ್ಲ ಕರ್ಕೊಂಡು ಬರ್ತಾನೆ. ಬಾಗಿಲು ಹಾಕಿರ್ಬೇಕು.” ತಂತ್ರಾಂಶ ಜೊತೆಗೆ ತರಲು ಬಯಸುವ ಆರು ಸಂಗಡಿಗ ತಂತ್ರಾಂಶಗಳ ಹೆಸರಿನ ಮುಂದಿನ ಚೌಕಗಳಲ್ಲಿ ಮೊದಲೇ ಗುರುತು ಬಿದ್ದಿದೆ. ಆ ಗುರುತುಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಹಸಿರು ಪಟ್ಟಿ ನಿಧಾನವಾಗಿ ತುಂಬತೊಡಗುತ್ತದೆ.

ಆ ಪಟ್ಟಿ ತುಂಬುವ ಹೊತ್ತಿನಲ್ಲಿ ಅಕ್ಕ ತಮ್ಮ ಕಥೆ ಹೇಳುತ್ತಾರೆ. ಟೈಪಿಂಗ್ ಶಾಲೆಯೊಂದರಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದವರು, ಕೆಟ್ಟ ಯಂತ್ರಗಳನ್ನು ಬಿಚ್ಚುತ್ತ ಜೋಡಿಸುತ್ತ ವಿದ್ಯೆ ಕಲಿತವರು. ಗಂಡ ಬಸ್ ಚಾಲಕ, ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಹನ್ನೊಂದು ವರ್ಷದ ಹಿಂದೆ ಅಂಗಡಿ ತೆರೆದಾಗ ಬಂದವರೆಲ್ಲ ಒಳಗೆ ಇಣುಕಿ, “ಯಜಮಾನ್ರು ಇಲ್ವಾ?” ಎಂದು ಕೇಳುತ್ತಿದ್ದರಂತೆ. “ಯಜಮಾನ್ರು ಬಸ್ಸಲ್ಲಿದ್ದಾರೆ. ಬಸ್ ಕೆಟ್ಟಿದ್ರೆ ಅವರ ಹತ್ರ ಹೋಗಿ, ಕಂಪ್ಯೂಟರ್ ಕೆಟ್ಟಿದ್ರೆ ಇಲ್ಲಿ ಕೊಡಿ ಅಂತಿದ್ದೆ.” ಈಗ ದಿನಕ್ಕೆ ಸರಾಸರಿ ಒಂಬತ್ತು ಯಂತ್ರಗಳು ಬರುತ್ತವೆ. ಅವುಗಳಲ್ಲಿ ನಾಲ್ಕು, ಏನನ್ನೋ ತೆಗೆಯಲು ಹೋಗಿ ಇನ್ನೇನನ್ನೋ ಕೆಡಿಸಿಕೊಂಡಂಥವು. ಕತ್ತು ಬಗ್ಗಿಸಿ ಬಗ್ಗಿಸಿ ಎಡಭುಜ ಸೆಟೆದುಕೊಂಡಿದೆ. ಮಗಳು ಹೇಳಿಕೊಟ್ಟ ವ್ಯಾಯಾಮವನ್ನು ಎರಡು ಗಂಟೆಗೊಮ್ಮೆ ಮಾಡುತ್ತಾರೆ.

ಡಬ್ಬಿ ಹುಟ್ಟಿದ್ದು ಒಂದು ತಪ್ಪಿನಿಂದ. ಒಂಬತ್ತು ವರ್ಷದ ಹಿಂದೆ ಸಂಗೀತದ ಮೇಷ್ಟ್ರೊಬ್ಬರು ಹಾಡು ಕೇಳಿಸುವ ತಂತ್ರಾಂಶವೊಂದನ್ನು ತೆಗೆಸಲು ಬಂದಿದ್ದರು. ಅಕ್ಕ ಅದರ ಫೋಲ್ಡರನ್ನು ಒಂದೇ ಏಟಿಗೆ ಅಳಿಸಿದರು. ಆ ತಂತ್ರಾಂಶ, ಯಾರನ್ನೂ ಕೇಳದೆ, ಮೇಷ್ಟ್ರು ಮುದ್ರಿಸಿಕೊಂಡಿದ್ದ ಧ್ವನಿಗಳನ್ನೆಲ್ಲ ತನ್ನ ಹೊಟ್ಟೆಯೊಳಗೇ ಇಟ್ಟುಕೊಂಡಿತ್ತು. ಹೋದವುಗಳಲ್ಲಿ ತೀರಿಕೊಂಡ ಅವರ ಹೆಂಡತಿ ಹಾಡಿದ ನಲವತ್ತು ಹಾಡುಗಳೂ ಇದ್ದವು. ಹನ್ನೆರಡು ದಿನ ಹುಡುಕಿದರೂ ಒಂದೂ ಮರಳಲಿಲ್ಲ.

“ಅವರು ಬೈಲಿಲ್ಲ” ಎನ್ನುತ್ತಾರೆ ಅಕ್ಕ, ಪರದೆಯಿಂದ ಕಣ್ಣು ತೆಗೆಯದೆ. “ಬೈದಿದ್ರೆ ಚೆನ್ನಾಗಿತ್ತು. ಬೇಡದ್ದು ಅಂತ ಜನ ತಂದು ಕೊಡ್ತಾರೆ. ಅದರೊಳಗೆ ಬೇಕಾದ್ದು ಏನಿದೆ ಅಂತ ನೋಡೋದು ನನ್ನ ಕೆಲಸ. ನೋಡಿ ಕಲಿಯೋಕೆ ಅಂತಾನೇ ಒಂದೊಂದು ಪೀಡೆನೂ ಎತ್ತಿಟ್ಟೆ.”

ಏಳು ಐವತ್ತೆರಡು. ತಂತ್ರಾಂಶ ಮರಳಿ ಬಂದು ಕುಳಿತಿದೆ. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚುತ್ತಾರೆ. ಟಿಣ್, ಟಿಣ್, ಟುಣ್! ಪೀಡೆಯ ರಾಗ ಕೇಳಿ ಇಷ್ಟು ಹಿಗ್ಗಿದವರು ಬಹುಶಃ ಬೇರೆಲ್ಲಿಯೂ ಇರಲಾರರು; ಅಣ್ಣ ಚಪ್ಪಾಳೆ ತಟ್ಟಿಯೇಬಿಡುತ್ತಾನೆ. ಅಕ್ಕ ಕೈಯೆತ್ತಿ ತಡೆಯುತ್ತಾರೆ. ಕಳಿಸುವ ಕೆಲಸ ಬಾಕಿಯಿದೆ. ‘ನಮ್ಮನ್ನು ಬಿಟ್ಟಿರಲು ಮನಸ್ಸಾದರೂ ಹೇಗೆ ಬರುತ್ತದೆ?’ ಎಂಬ ಪ್ರಶ್ನೆಯ ಕೆಳಗೆ ಎರಡು ಗುಂಡಿ: ದೊಡ್ಡದಾಗಿ ‘ಹೌದು, ಇಟ್ಟುಕೊಳ್ಳುತ್ತೇನೆ’, ಮಸುಕಾಗಿ ‘ಇಲ್ಲ, ಆಮೇಲೆ ನೋಡೋಣ’. ನಿಜವಾದ ದಾರಿ ಎರಡೂ ಅಲ್ಲ. ಪುಟದ ಮೂಲೆಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದ ಸಾಲು. ಅಕ್ಕ ಅದನ್ನು ಒತ್ತುತ್ತಾರೆ. ಹದಿನೇಳೂ ವಿಳಾಸಗಳು ಒಂದೊಂದಾಗಿ ಮಾಯವಾಗುವುದನ್ನು ಪುಸ್ತಕದಲ್ಲಿ ಗೀಟು ಹಾಕಿ ಎಣಿಸುತ್ತಾರೆ. ಮತ್ತೆ ಆರಿಸಿ, ಮತ್ತೆ ಹಚ್ಚುತ್ತಾರೆ.

ರಾಗವಿಲ್ಲ. ಪರದೆ ಬೆಳಗುತ್ತದೆ. ಹತ್ತು ಸೆಕೆಂಡು. ಇಪ್ಪತ್ತು. ತಂಗಿಯ ಬೆರಳುಗಳು ಕೀಬೋರ್ಡಿನ ಮೇಲೆ ಕಲ್ಲಿನಂತೆ ನಿಂತಿವೆ. ಇದ್ದಕ್ಕಿದ್ದಂತೆ ಸ್ಪೀಕರ್‌ನಿಂದ ಧ್ವನಿಯೊಂದು ಹುರಿಗಾಳು ಸಿಡಿದಂತೆ ಪಟಪಟನೆ ಹೊಮ್ಮುತ್ತದೆ. ಅಭ್ಯಾಸವಿಲ್ಲದವರಿಗೆ ಒಂದಕ್ಷರವೂ ತಿಳಿಯದ ವೇಗ.

“ಬಂತು! ಬಂತು ಅಕ್ಕ!” ತಂಗಿ ಕುಳಿತಲ್ಲೇ ಕುಣಿಯುತ್ತಾಳೆ.

“ಇದೇನು ಮಾತಾ? ಯಾರು ಅಟ್ಟಿಸ್ಕೊಂಡು ಬರ್ತಿದ್ದಾರೆ ಇದನ್ನ?” ಎಂದು ಅತ್ತೆ ಕಿವಿ ಮುಚ್ಚಿಕೊಳ್ಳುತ್ತಾರೆ.

ಅಕ್ಕ ಇನ್ನೂ ನಗುವುದಿಲ್ಲ. “ಪರೀಕ್ಷೆಲಿ ಧ್ವನಿ ಕಡತ ತೆರೀಬೇಕಲ್ವಾ? ಒಂದು ತೆಗಿ ನೋಡೋಣ.” ಊಹೆ ಸರಿಯಾಗಿದೆ: ಕಡತ ತೆರೆಯುವುದಿಲ್ಲ. ಧ್ವನಿ ಕಡತಗಳನ್ನೆಲ್ಲ ಹೊರಟುಹೋದ ಪ್ಲೇಯರ್ ತನ್ನ ಹೆಸರಿಗೆ ಬರೆಸಿಕೊಂಡಿತ್ತು. ಅವನ್ನು ಕಂಪ್ಯೂಟರ್‌ನ ಸ್ವಂತ ಪ್ಲೇಯರ್‌ಗೆ ಮರಳಿ ಒಪ್ಪಿಸಿ, ನಾಲ್ಕು ಬಗೆಯ ಕಡತಗಳನ್ನು ಆಡಿಸಿ ನೋಡುತ್ತಾರೆ. ತಂಗಿ ಒಂದು ಅಭ್ಯಾಸದ ವರದಿಯನ್ನು ಕೇಳುತ್ತ ಪೂರ್ತಿ ಟೈಪ್ ಮಾಡುತ್ತಾಳೆ. ಆಗ ಮಾತ್ರ ಅಕ್ಕ ಪುಸ್ತಕದಲ್ಲಿ ‘ಮುಗಿಯಿತು’ ಎಂದು ಬರೆಯುತ್ತಾರೆ. ಎಂಟು ನಲವತ್ತು. ಅಣ್ಣ ಪೆಟ್ಟಿಗೆಯನ್ನು ಹೊದಿಕೆಯಲ್ಲಿ ಸುತ್ತುವಾಗ, “ಇನ್ಮೇಲೆ ಏನಾದ್ರೂ ತೆಗೀಬೇಕು ಅನ್ಸಿದ್ರೆ ಮೊದ್ಲು ನಿನ್ನ ಕೈ ತೆಗಿ” ಎಂದು ತಂಗಿ ಬುದ್ಧಿ ಹೇಳುತ್ತಿದ್ದಾಳೆ.

ಆಮೇಲೆ ಐದು ಯಂತ್ರಗಳು ಬಂದುಹೋಗುತ್ತವೆ. ಹತ್ತೂವರೆಗೆ ಅಕ್ಕ ಗಡಿಯಾರ ನೋಡುತ್ತಾರೆ, ಹನ್ನೊಂದಕ್ಕೆ ಮತ್ತೊಮ್ಮೆ. ಹನ್ನೆರಡು ಐವತ್ತಕ್ಕೆ ಫೋನ್ ಬಡಿದುಕೊಳ್ಳುತ್ತದೆ. ಸ್ಪೀಕರ್‌ಗೆ ಹಾಕುವಂತೆ ಅತ್ತೆ ಸನ್ನೆ ಮಾಡುತ್ತಾರೆ.

“ಹನ್ನೆರಡು ವರದಿ ಇತ್ತು ಅಕ್ಕ. ಹನ್ನೆರಡೂ ಮುಗಿಸ್ದೆ! ಹೊತ್ತು ಮಿಕ್ಕಿತ್ತು, ಮೊದಲನೇದನ್ನ ಎರಡು ಸಲ ಕೇಳ್ದೆ. ಫಲಿತಾಂಶ ಹದಿನೈದು ದಿನಕ್ಕೆ.”

“ಒಳ್ಳೇದಾಯ್ತಮ್ಮ” ಎಂದಷ್ಟೇ ಹೇಳಿ ಅಕ್ಕ ಫೋನ್ ಇಡುತ್ತಾರೆ. ಮತ್ತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾರೆ. ಅವರಿಗೊಂದು ಆಸೆಯಿದೆ. ಆ ಆಸ್ಪತ್ರೆಯ ವರದಿಗಳ ಕೊನೆಯಲ್ಲಿ ಟೈಪ್ ಮಾಡಿದವರ ಹೆಸರನ್ನು ಸಣ್ಣಕ್ಷರದಲ್ಲಿ ಅಚ್ಚು ಹಾಕುತ್ತಾರಂತೆ.

“ಅವಳ ಹೆಸರಿರೋ ಒಂದು ವರದಿ ನನ್ನ ಕೈಗೆ ಬರ್ಬೇಕು. ಓದಿ, ಮಡಚಿ ಇಟ್ಕೋತೀನಿ. ಅಷ್ಟೇ.”

“ಅದಕ್ಕೋಸ್ಕರ ಕಾಯಿಲೆ ಬೀಳ್ತೀಯೇನೇ?” ಎಂದು ಅತ್ತೆ ಗದರುತ್ತಾರೆ.

“ಭುಜ ನೋವಿದೆಯಲ್ಲ ಅತ್ತೆ” ಎನ್ನುತ್ತಾರೆ ಅಕ್ಕ, ಮುಂದಿನ ಯಂತ್ರದ ಮುಚ್ಚಳ ಬಿಚ್ಚುತ್ತ. “ಅವಳು ಕೆಲಸಕ್ಕೆ ಸೇರೋವರೆಗೂ ಆ ಆಸ್ಪತ್ರೆಗೆ ತೋರಿಸೋಕೆ ಹೋಗಲ್ಲ.”