ಸಾಹೇಬರ ಹೊಸ್ತಿಲಲ್ಲಿ ಇಳಿದ ವಿಮಾನ

“ನೀನು ಬೀಳಿಸಿದ ವಿಮಾನಾನ ನೀನೇ ಬಂದು ಇಳಿಸು, ನಡಿ!” ಎನ್ನುತ್ತಾ ಟೈಲರ್ ಬಾಷಾ ಸಾಹೇಬರು ಚನ್ನಗಿರಿಯ ಹೋಟೆಲಿನಿಂದ ನನ್ನನ್ನು ಎಬ್ಬಿಸಿಕೊಂಡು ಹೊರಟರು.

ಇಂಜಿನ್ ಕೆಟ್ಟು ಪ್ರಯಾಣಿಕರ ವಿಮಾನವೊಂದು ಬಿದ್ದ ಸುದ್ದಿಯನ್ನು ಬೆಳಿಗ್ಗೆ ರೇಡಿಯೊ ಹೇಳಿತ್ತು. ಕಾಫಿ ಆರುವಷ್ಟರಲ್ಲಿ ಅಡಿಕೆ ಮಂಡಿಯವರೆಲ್ಲ ಇಂಜಿನ್ ತಜ್ಞರಾಗಿದ್ದರು. ಅವರಿಗೆ ಸದ್ದು ಒದಗಿಸುವ ಘನಕಾರ್ಯ ನನ್ನದು. ವಿಮಾನವನ್ನು ಆಕಾಶದಲ್ಲಿ ಚುಕ್ಕಿಯಾಗಿ ಮಾತ್ರ ಕಂಡಿದ್ದ ನಾನು, ಅದರ ಇಂಜಿನ್ ಕೆಮ್ಮಿ, ಬಿಕ್ಕಳಿಸಿ, ನಿಂತುಹೋಗುವುದನ್ನು ಬಾಯಲ್ಲೇ ಮಾಡಿ ತೋರಿಸಿ ಭೇಷ್ ಎನಿಸಿಕೊಂಡೆ. ಎದುರು ಮನೆಯಲ್ಲಿ ಸಾಹೇಬರ ಬೇಗಂ ಅದನ್ನು ಕೇಳಿಸಿಕೊಂಡರು. ಮುಂದಿನ ವಾರ ಹಜ್‌ಗೆ ವಿಮಾನ ಹತ್ತಬೇಕಿದ್ದವರು, ಒಲ್ಲೆನೆಂದು ಕಟ್ಟಿದ ಗಂಟನ್ನೇ ಬಿಚ್ಚಿಬಿಟ್ಟರಂತೆ.

ಸರಿ, ಅವರ ಹೊಸ್ತಿಲಲ್ಲಿ ನಿಂತು ವಿಮಾನ ಇಳಿಸಿದೆ. ಇಳಿಯುವ ಸದ್ದು ಯಾವ ಮಹಾರಾಯನಿಗೆ ಗೊತ್ತು? ದಾವಣಗೆರೆ ಬಸ್ಸು ಬಂದು ಬ್ರೇಕ್ ಹಾಕುವುದನ್ನೇ ಎರಡು ಪಟ್ಟು ಜೋರಾಗಿ ಮಾಡಿದೆ. ಪರದೆಯ ಹಿಂದಿನಿಂದ ಬೇಗಂ ದನಿ ಬಂತು.

“ಇದು ನಮ್ಮ ದಾವಣಗೆರೆ ಬಸ್ಸಲ್ವೇನೋ, ಮುಂಡೇದೆ?”

“ಹೌದ್ರೀ ಅಮ್ಮಾ. ಇಳಿಯೋ ಸದ್ದಂತ ನಂಗೆ ಮಾಡಾಕೆ ಬರೋದು ಅದೊಂದೇ.”

“ಅದ್ರಾಗೇ ಇಷ್ಟು ವರ್ಷ ಹೋಗಿ ಬಂದೀನಿ. ಅದಕ್ಕಿಂತ ಕೆಟ್ಟ ಇಂಜಿನ್ ದುನಿಯಾದಾಗೆ ಎಲ್ಲೈತೆ? ಗಂಟು ಕಟ್ರೀ ಸಾಹೇಬ್ರೇ!”

ಅವರಿಬ್ಬರೂ ಹೊರಟರು. ಮರಳಿ ಬಂದು ನನ್ನ ಕೈಗೆ ಖರ್ಜೂರ ಕೊಡುವವರೆಗೆ, ಹೋಟೆಲಿನಲ್ಲಿ ಬೋಂಡಾ ತೋರಿಸಿ ಎಷ್ಟೇ ಪೀಡಿಸಿದರೂ ನಾನು ಒಂದು ವಿಮಾನವನ್ನೂ ಬೀಳಿಸಲಿಲ್ಲ.